ಮಲ್ಪೆಯಿಂದ ಕೋಡಿಬೆಂಗ್ರೆಗೆ ಕಡಲ ದಂಡೆಯ ನಡಿಗೆ: ಮೊದಲು ಇಳಿತದ ಲೆಕ್ಕ, ಆಮೇಲೆ ಚೀಲ

ದ್ವೀಪ, ಜನ ಕಡಿಮೆ ಇರುವ ಕಡಲತೀರ ಎಂದರೆ ಉಡುಪಿಗೆ ಬರುವವರಿಗೆ ಮೊದಲು ನೆನಪಾಗುವುದು ಸೈಂಟ್ ಮೇರೀಸ್. ಕಂಬ ಕಂಬವಾಗಿ ಎದ್ದ ಆ ಲಾವಾಶಿಲೆಗಳನ್ನು ಒಮ್ಮೆ ನೋಡಲೇಬೇಕು, ಅದು ಬೇರೆ ಮಾತು. ಆದರೆ ಅಲ್ಲಿಗೆ ಬೋಟಿನಲ್ಲೇ ಹೋಗಬೇಕು, ರಜಾದಿನಗಳಲ್ಲಿ ಸರತಿ ನಿಲ್ಲಬೇಕು, ಸಂಜೆಯೊಳಗೆ ವಾಪಸಾಗಬೇಕು. ಕಾಲು ಚಾಚಿ ನಡೆಯುವಷ್ಟು ಜಾಗವೂ ಅಲ್ಲಿಲ್ಲ. ನಡೆದೇ ಮುಟ್ಟಬೇಕು, ತಲುಪಿದ ಮೇಲೆ ಮೂರು ದಿಕ್ಕಿಗೂ ನೀರು ಕಾಣಬೇಕು ಎನ್ನುವವರು ಮಲ್ಪೆ ಬೀಚಿನಿಂದ ಬಡಗು ಮುಖವಾಗಿ ಹೊರಡಿ. ವಡಭಾಂಡೇಶ್ವರ, ತೊಟ್ಟಂ, ಹೂಡೆ ದಾಟಿದರೆ ಕೊನೆಗೆ ಸಿಗುವುದು ಕೋಡಿಬೆಂಗ್ರೆ. ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸುವರ್ಣಾ ನದಿ, ಎದುರಿಗೆ ಸೀತಾ ಮತ್ತು ಸುವರ್ಣಾ ಒಟ್ಟಾಗಿ ಕಡಲಿಗೆ ಬೀಳುವ ಅಳಿವೆ. ಒಟ್ಟು ದೂರ ಸುಮಾರು ಹತ್ತು ಕಿಲೋಮೀಟರ್.

ಇಲ್ಲಿ ಗುಡ್ಡ ಹತ್ತುವುದಿಲ್ಲ, ಕಾಡು ದಾಟುವುದಿಲ್ಲ, ದಾರಿ ತಪ್ಪುವ ಭಯವಂತೂ ಇಲ್ಲವೇ ಇಲ್ಲ. ಹಾಗಾಗಿಯೇ ಜನ ಹಗುರವಾಗಿ ತೆಗೆದುಕೊಂಡು ಬೆಳಿಗ್ಗೆ ಹತ್ತಕ್ಕೆ ತಿಂಡಿ ಮುಗಿಸಿ ಹೊರಡುತ್ತಾರೆ. ಅರ್ಧ ದಾರಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ, ಭರತ (ಕಡಲಿನ ಉಬ್ಬರ) ಏರಿ ಗಟ್ಟಿ ಮರಳೆಲ್ಲ ನೀರಿನಡಿ ಹೋಗಿರುತ್ತದೆ, ಒಣ ಮರಳಲ್ಲಿ ಕಾಲು ಹೂತು ಹೂತು ಸುಸ್ತಾಗಿರುತ್ತದೆ. ಈ ನಡಿಗೆಯಲ್ಲಿ ಕಷ್ಟವಾಗುವುದು ದೂರ ಅಲ್ಲ, ಹೊತ್ತು.

ಯಾವ ತಿಂಗಳು

ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ. ಮಳೆಗಾಲದ ಅಲೆಗಳು ದಂಡೆಯ ಮರಳನ್ನು ಕೊರೆದು ಒಳಕ್ಕೆ ಒಯ್ದು ನೀರಿನಡಿ ದಿಬ್ಬ ಮಾಡಿರುತ್ತವೆ. ಕಡಲು ಶಾಂತವಾದ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ನಿಧಾನಕ್ಕೆ ದಡಕ್ಕೆ ತಂದು ಹಾಕುತ್ತವೆ. ಆದ್ದರಿಂದ ಅಕ್ಟೋಬರಿನಲ್ಲಿ ಕಿರಿದಾಗಿ, ಕಡಿದಾಗಿ ಕಾಣುವ ದಂಡೆ ಜನವರಿ-ಫೆಬ್ರವರಿಗೆ ಅಗಲವಾಗಿ, ಸಪಾಟಾಗಿ ನಡೆಯಲು ಅನುಕೂಲವಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ನಡಿಗೆ ಬೇಡವೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವಂತಿಲ್ಲ ಎನ್ನುವುದು ನೆನಪಿದ್ದರೆ ಸಾಕು.

ಏಪ್ರಿಲ್-ಮೇ ತಿಂಗಳ ಮೋಸ ಬೇರೆ ಥರದ್ದು. ಆಕಾಶ ಸ್ವಚ್ಛ, ಗಾಳಿ ಇಲ್ಲ, ಆದರೂ ಒಮ್ಮೆಲೇ ದೊಡ್ಡ ಅಲೆ ದಂಡೆ ಹತ್ತಿ ಬರುವುದುಂಟು. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ಸಾಗಿ ನಮ್ಮ ದಡ ಮುಟ್ಟುವುದು ಇದಕ್ಕೆ ಕಾರಣ. ಕೇರಳದವರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಇಂಥ ಎಚ್ಚರಿಕೆಗಳನ್ನು ಮೊದಲೇ ಕೊಡುತ್ತದೆ. ಹೊರಡುವ ಹಿಂದಿನ ರಾತ್ರಿ ಉಡುಪಿ ಜಿಲ್ಲೆಗೆ ಎತ್ತರದ ಅಲೆಯ ಎಚ್ಚರಿಕೆ ಇದೆಯೇ ಎಂದು ಅಲ್ಲೇ ನೋಡಿ. ಇದ್ದರೆ ಕಾರ್ಯಕ್ರಮ ಮುಂದೂಡಿ.

ಇಳಿತದ ಲೆಕ್ಕ

ನಮ್ಮ ಕಡಲಿನಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿದಿನ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ಅಷ್ಟಮಿಯ ಸುತ್ತ ಏರಿಳಿತ ಸಣ್ಣದು. ಗುಜರಾತಿನ ಕಡಲಿಗೆ ಹೋಲಿಸಿದರೆ ಇಲ್ಲಿಯದು ಏನೂ ಅಲ್ಲ, ನೆಟ್ಟಗೆ ಅಳೆದರೆ ಒಂದು ಮೀಟರಿನ ಆಸುಪಾಸು. ಆದರೆ ಇಳಿಜಾರು ಕಡಿಮೆ ಇರುವ ದಂಡೆಯಲ್ಲಿ ಈ ಒಂದು ಮೀಟರಿಗೆ ಬೆಲೆ ಬಹಳ. ಇಪ್ಪತ್ತು ಹೆಜ್ಜೆಗೆ ಒಂದು ಹೆಜ್ಜೆಯಂತೆ ಇಳಿಯುವ ದಂಡೆಯಾದರೆ ನೀರು ಒಂದು ಮೀಟರ್ ಇಳಿದಾಗ ಇಪ್ಪತ್ತು ಮೀಟರ್ ಅಗಲದ ಗಟ್ಟಿ ಮರಳು ತೆರೆದುಕೊಳ್ಳುತ್ತದೆ. ನೀವು ನಡೆಯಬೇಕಾದ ರಸ್ತೆ ಅದೇ.

ಆ ಗಟ್ಟಿ ಮರಳು ಸಿಕ್ಕರೆ ಗಂಟೆಗೆ ನಾಲ್ಕು ಕಿಲೋಮೀಟರ್ ಆರಾಮ. ಒಣ ಮರಳಲ್ಲಿ ಅಷ್ಟೇ ದೂರಕ್ಕೆ ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಖರ್ಚಾಗುತ್ತದೆ, ಏಕೆಂದರೆ ಪ್ರತಿ ಹೆಜ್ಜೆಯಲ್ಲೂ ಮರಳು ಹಿಂದಕ್ಕೆ ಜಾರುತ್ತದೆ. ನಿಲ್ಲುತ್ತ, ಫೋಟೊ ತೆಗೆಯುತ್ತ, ನೀರು ಕುಡಿಯುತ್ತ ಹೋದರೆ ಇಡೀ ನಡಿಗೆಗೆ ಮೂರೂವರೆ ಗಂಟೆ ಇಟ್ಟುಕೊಳ್ಳಿ. ಇಳಿತದ ತಳ ಮುಟ್ಟುವ ಹೊತ್ತಿಗೆ ನೀವು ನಡುದಾರಿಯಲ್ಲಿರಬೇಕು. ಅಂದರೆ ಇಳಿತಕ್ಕೆ ಎರಡು ಗಂಟೆ ಮೊದಲು ಮಲ್ಪೆ ಬಿಡಬೇಕು. ಬೆಳಿಗ್ಗೆ ಎಂಟೂವರೆಗೆ ಇಳಿತ ಎಂದಾದರೆ ಆರೂವರೆಗೆ ಹೊರಟು ಹತ್ತಕ್ಕೆ ಮುಗಿಸಬಹುದು. ಬಿಸಿಲು ಏರುವ ಮೊದಲೇ ನೆರಳು ಸೇರಿರುತ್ತೀರಿ.

ಇಂಥ ಹೊತ್ತು ಸಾಮಾನ್ಯವಾಗಿ ಸಿಗುವುದು ಅಮಾವಾಸ್ಯೆ ಅಥವಾ ಹುಣ್ಣಿಮೆ ಕಳೆದು ಮೂರರಿಂದ ಐದನೆಯ ದಿನಗಳಲ್ಲಿ. ಗೋಡೆಯ ಕ್ಯಾಲೆಂಡರಿನಲ್ಲಿ ತದಿಗೆಯಿಂದ ಪಂಚಮಿ ಹುಡುಕಿ ಮೊದಲ ಆಯ್ಕೆ ಮಾಡಿ, ಆಮೇಲೆ ಮೊಬೈಲಿನಲ್ಲಿ ಮಲ್ಪೆಯ ಉಬ್ಬರ-ಇಳಿತದ ಪಟ್ಟಿ ತೆರೆದು ಗಂಟೆ ಖಚಿತ ಮಾಡಿಕೊಳ್ಳಿ. ತಿಥಿ ಅಂದಾಜಿಗೆ, ಪಟ್ಟಿ ನಿರ್ಧಾರಕ್ಕೆ. ಪಟ್ಟಿಯಲ್ಲಿ ಗಂಟೆಯ ಪಕ್ಕ ಇರುವ ಮೀಟರಿನ ಅಂಕಿಯನ್ನೂ ಓದಿ. ದಿನದ ಎರಡು ಇಳಿತಗಳು ಒಂದೇ ಮಟ್ಟಕ್ಕೆ ಇಳಿಯುವುದಿಲ್ಲ. ಒಂದು ಚೆನ್ನಾಗಿ ಇಳಿದು ಇನ್ನೊಂದು ಅರ್ಧಕ್ಕೇ ನಿಲ್ಲುವ ದಿನಗಳೂ ಇವೆ.

ಬೆಳಗ್ಗೆಯೇ ಏಕೆ ಎಂದರೆ ಗಾಳಿಯೂ ಒಂದು ಕಾರಣ. ಚಳಿಗಾಲದಲ್ಲಿ ಮುಂಜಾನೆ ನೆಲದ ಕಡೆಯಿಂದ ತಂಪು ಗಾಳಿ ಬೀಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ತಿರುಗಿ ಕಡಲ ಕಡೆಯಿಂದ, ಹೆಚ್ಚಾಗಿ ವಾಯವ್ಯದಿಂದ ಬರುತ್ತದೆ. ಬಡಗು ಮುಖವಾಗಿ ನಡೆಯುವವರ ಮುಖಕ್ಕೇ ಮರಳು.

ಚೀಲದಲ್ಲಿ

ತಲೆಗೆ ಎರಡೂವರೆಯಿಂದ ಮೂರು ಲೀಟರ್ ನೀರು. ಇದರಲ್ಲಿ ಒಂದು ಲೀಟರಿಗೆ ಓಆರ್‌ಎಸ್ ಬೆರೆಸಿ. ಲೀಟರಿನ ಪೊಟ್ಟಣವನ್ನು ಅರ್ಧ ಲೀಟರ್ ಬಾಟಲಿಗೆ ಸುರಿಯುವುದು ಎಲ್ಲರೂ ಮಾಡುವ ತಪ್ಪು. ಉಪ್ಪು ಹೆಚ್ಚಾಗಿ ಬಾಯಾರಿಕೆ ಇನ್ನೂ ಜಾಸ್ತಿಯಾಗುತ್ತದೆ. ದಾರಿಯಲ್ಲಿ ಬೊಂಡ (ಎಳನೀರು) ಸಿಗುತ್ತದೆ ಎಂಬ ಧೈರ್ಯ ಮಲ್ಪೆಯ ಸುತ್ತ ಸರಿ, ತೊಟ್ಟಂ ದಾಟಿದ ಮೇಲೆ ಬೆಳಿಗ್ಗೆ ಏಳಕ್ಕೆ ಅಂಗಡಿ ತೆರೆದಿರುತ್ತದೆ ಎಂದು ನಂಬಬೇಡಿ.

ತಿನ್ನಲು ಬಾಳೆಹಣ್ಣು, ಹಿಂದಿನ ರಾತ್ರಿ ಮಾಡಿದ ಬನ್ಸ್. ಬನ್ಸ್‌ಗೆ ಚಟ್ನಿ ಬೇಕಿಲ್ಲ, ಹಾಳಾಗುವುದಿಲ್ಲ, ಮರಳು ಬಿದ್ದರೂ ಕೊಡವಿ ತಿನ್ನಬಹುದು. ಮೊಸರನ್ನದ ಡಬ್ಬಿ ತಂದವರು ಮುಚ್ಚಳ ತೆರೆದ ಕ್ಷಣವೇ ಪಶ್ಚಾತ್ತಾಪ ಪಡುತ್ತಾರೆ.

ಕಾಲಿಗೆ ಹಿಮ್ಮಡಿಯ ಪಟ್ಟಿ ಇರುವ ಸ್ಯಾಂಡಲ್. ಶೂ ಒಳಗೆ ಒದ್ದೆ ಮರಳು ಸೇರಿ ಎರಡನೆಯ ಗಂಟೆಗೆ ಹಿಮ್ಮಡಿ ಬೊಬ್ಬೆ ಏಳುತ್ತದೆ, ಹವಾಯಿ ಚಪ್ಪಲಿ ಒದ್ದೆ ಮರಳಲ್ಲಿ ಕಚ್ಚಿಕೊಂಡು ಕಿತ್ತು ಬರುತ್ತದೆ. ಬರಿಗಾಲು ಹಿತವೇ, ಆದರೆ ಬಲೆಯಿಂದ ಕೊಡವಿ ಬಿಸಾಡಿದ ಮೀನಿನ ಮುಳ್ಳು, ಗಾಳದ ಕೊಕ್ಕೆ, ಒಡೆದ ಬಾಟಲಿ ಮೂರೂ ಈ ದಂಡೆಯಲ್ಲಿ ಉಂಟು.

ಉಳಿದಂತೆ ಅಗಲ ಅಂಚಿನ ಟೋಪಿ, ಒಂದು ತೆಳು ಪಂಚೆ ಅಥವಾ ಬೈರಾಸು (ಟವೆಲ್ಲು), ಮೊಬೈಲಿಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ, ಬ್ಯಾಂಡೇಜ್, ಸಣ್ಣ ಚಿಮಟ. ನಿಮ್ಮ ಕಸ ವಾಪಸ್ ತರಲು ಖಾಲಿ ಚೀಲ ಒಂದು.

ನಡಿಗೆ

ಉಡುಪಿ ಸಿಟಿ ಬಸ್ ನಿಲ್ದಾಣದಿಂದ ಮಲ್ಪೆಗೆ ಆರೇಳು ಕಿಲೋಮೀಟರ್, ಬಸ್ ಧಾರಾಳ. ಮೊದಲ ಬಸ್ಸಿನ ಹೊತ್ತು ಹಿಂದಿನ ದಿನವೇ ವಿಚಾರಿಸಿ. ಡಿಸೆಂಬರ್-ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಏಳಕ್ಕೆ ಸ್ವಲ್ಪ ಮೊದಲು, ಹಾಗಾಗಿ ಆರೂವರೆಗೆ ಇಳಿದರೂ ಮಸುಕು ಬೆಳಕು ಮಾತ್ರ ಇರುತ್ತದೆ. ಮಲ್ಪೆ ಬೀಚಿನ ಶೌಚಾಲಯ ಮುಗಿಸಿಯೇ ಹೊರಡಿ, ಮುಂದೆ ಖಾತ್ರಿಯಿಲ್ಲ.

ಮರಳು ಯಾವುದು ಗಟ್ಟಿ ಎಂದು ಕಾಲೇ ಹೇಳುತ್ತದೆ, ಆದರೆ ಕಣ್ಣಿಗೂ ಗೊತ್ತಾಗುತ್ತದೆ. ಒದ್ದೆ ಮರಳ ಮೇಲೆ ಪಾದ ಊರಿದಾಗ ಸುತ್ತ ಒಂದು ಗೇಣು ಜಾಗ ಥಟ್ಟನೆ ಒಣಗಿದ ಹಾಗೆ ಬಿಳಿಚಿಕೊಂಡರೆ ಅದು ಗಟ್ಟಿ ಮರಳು. ಒತ್ತಿ ಕುಳಿತ ಕಣಗಳು ತುಳಿತಕ್ಕೆ ಸರಿದು ಜಾಗ ಬಿಡುತ್ತವೆ, ಮೇಲಿನ ನೀರು ಆ ಸಂದಿಗಳಿಗೆ ಇಳಿಯುತ್ತದೆ, ಅದಕ್ಕೇ ಆ ಬಿಳುಪು. ಬದಲಿಗೆ ಪಾದದ ಸುತ್ತ ನೀರು ಒಸರಿ ಹೊಳೆದರೆ ಮರಳು ಸಡಿಲ, ಮುಂದಿನ ಹೆಜ್ಜೆ ಹೂಳುತ್ತದೆ. ಅಂಥಲ್ಲಿ ನಾಲ್ಕು ಹೆಜ್ಜೆ ಮೇಲಕ್ಕೆ ಸರಿದು ನಡೆಯಿರಿ.

ದಂಡೆ ಕಡಲಿನ ಕಡೆಗೆ ವಾಲಿರುವುದರಿಂದ ಬಡಗು ಮುಖವಾಗಿ ಹೋಗುವವರ ಎಡಗಾಲು ಸದಾ ತಗ್ಗಿನಲ್ಲಿರುತ್ತದೆ. ಮೂರು ಗಂಟೆ ಹೀಗೇ ನಡೆದರೆ ಸೊಂಟ, ಮೊಣಕಾಲಿನ ಹೊರಬದಿ ಹಿಡಿದುಕೊಳ್ಳುತ್ತದೆ. ಪರಿಹಾರ ಸುಲಭ: ಪ್ರತಿ ಇಪ್ಪತ್ತು ನಿಮಿಷಕ್ಕೆ ಸ್ವಲ್ಪ ಹೊತ್ತು ಸಮತಟ್ಟಾದ ಮೇಲಿನ ಮರಳಿಗೆ ಬನ್ನಿ, ಸುಸ್ತಾದರೂ ಕೀಲಿಗೆ ಆರಾಮ.

ದೂರದ ಅಂದಾಜಿಗೆ ಸೈಂಟ್ ಮೇರೀಸ್ ದ್ವೀಪವನ್ನೇ ಗುರುತು ಮಾಡಿಕೊಳ್ಳಿ. ಹೊರಟಾಗ ಎಡಗಡೆ ಮುಂದಕ್ಕೆ ಕಾಣುತ್ತದೆ. ಅದು ನಿಮ್ಮ ಎಡಭುಜಕ್ಕೆ ನೇರ ಬಂದರೆ ಸುಮಾರು ಎರಡು ಕಿಲೋಮೀಟರ್ ಆಯಿತು. ಪೂರ್ತಿ ಹಿಂದೆ ಬಿದ್ದ ಮೇಲೆ ಅತ್ತ ನೋಡುವುದನ್ನು ಬಿಟ್ಟು ಗಡಿಯಾರ ನೋಡಿ.

ವಡಭಾಂಡೇಶ್ವರ, ಬಡಾನಿಡಿಯೂರು, ತೊಟ್ಟಂ ಕಡೆ ದಂಡೆಗೆ ತಾಗಿಯೇ ಮೊಗವೀರರ ಮನೆಗಳು, ದೋಣಿಗಳು. ಒಣಗಲು ಹರವಿದ ಬಲೆಯನ್ನು ತುಳಿಯಬೇಡಿ, ಸುತ್ತಿ ಹೋಗಿ. ಕೈರಂಪಣಿ, ಅಂದರೆ ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆ, ಎಳೆಯುತ್ತಿದ್ದರೆ ಕಡಲಿನಿಂದ ದಡಕ್ಕೆ ಬಿಗಿದ ಎರಡು ಹಗ್ಗ ಕಾಣುತ್ತವೆ, ಪ್ರತಿ ಹಗ್ಗದಲ್ಲೂ ಒಂದು ಸಾಲು ಜನ. ಆ ಹಗ್ಗ ದಾಟಬಾರದು. ಅಲೆ ಬಲೆಯನ್ನು ಒಮ್ಮೆ ಹಿಂದಕ್ಕೆ ಜಗ್ಗಿದರೆ ನೆಲದಲ್ಲಿದ್ದ ಹಗ್ಗ ಮೊಣಕಾಲೆತ್ತರಕ್ಕೆ ಚಿಮ್ಮುತ್ತದೆ. ಎಳೆಯುವವರ ಬೆನ್ನ ಹಿಂದಿನಿಂದ ಹಾದು ಹೋಗಿ. ನಿಂತು ನೋಡುವುದಾದರೆ ಯಾರೂ ಬೇಡ ಎನ್ನುವುದಿಲ್ಲ, ಕೈಹಾಕಿ ಎಳೆದರೆ ಖುಷಿಯೇ. ಬಲೆ ಬಂದ ಮೇಲೆ ಒಳಗೆ ಕೈಯಿಡಬೇಡಿ. ಬೂತಾಯಿ, ಬಂಗುಡೆಯ ನಡುವೆ ಕಡಲಹಾವೂ ಬಂದಿರುತ್ತದೆ, ಬಾಲ ದೋಣಿಯ ಹುಟ್ಟಿನಂತೆ ಚಪ್ಪಟೆ. ಸತ್ತಂತೆ ಬಿದ್ದಿದ್ದರೂ ಮುಟ್ಟಬಾರದು, ವಿಷ ನಾಗರಹಾವಿನ ಜಾತಿಯದ್ದೇ.

ಕಡಲ್ಕೊರೆತ ತಡೆಯಲು ಕಲ್ಲು ಹಾಕಿದ ತುಂಡುಗಳು ದಾರಿಯಲ್ಲಿ ಸಿಗುತ್ತವೆ. ಇಳಿತದಲ್ಲಿ ಕಲ್ಲಿನ ಬುಡದಲ್ಲಿ ಮರಳು ಇದ್ದರೆ ನಡೆಯಿರಿ. ಅಲೆ ಕಲ್ಲಿಗೇ ಬಡಿಯುತ್ತಿದ್ದರೆ ಕಲ್ಲಿನ ಮೇಲೆ ಹಾರಿ ಹಾರಿ ಹೋಗುವ ಸಾಹಸ ಬೇಡ. ಅವು ಸಿಮೆಂಟು ಹಾಕಿ ಕೂರಿಸಿದವಲ್ಲ, ಸುರಿದ ಕಲ್ಲುಗಳು, ಕೆಲವು ಅಲುಗಾಡುತ್ತವೆ, ಕೆಳಗಿನವು ಪಾಚಿ ಹಿಡಿದಿರುತ್ತವೆ, ಸಂದಿಯಲ್ಲಿ ಕಾಲು ಸಿಕ್ಕರೆ ಮುರಿದೇ ಹೊರಬರುವುದು. ಹಿಂದಕ್ಕೆ ಬಂದು ಸಿಗುವ ಮೊದಲ ಓಣಿಯಲ್ಲಿ ರಸ್ತೆಗೆ ಹೋಗಿ, ಆ ತುಂಡು ಮುಗಿದ ಮೇಲೆ ಮತ್ತೆ ಇಳಿಯಿರಿ. ಮನೆಯಂಗಳ ದಾಟಬೇಕಾದರೆ ಕೇಳಿಯೇ ದಾಟಿ.

ಹೂಡೆಯಲ್ಲಿ ಕೂತು ತಿಂಡಿ ಮುಗಿಸಿ, ಉಳಿದ ನೀರು ಎಷ್ಟಿದೆ ನೋಡಿ. ತಲೆಗೆ ಒಂದೂವರೆ ಲೀಟರಿಗಿಂತ ಕಡಿಮೆ ಇದ್ದರೆ ಇಲ್ಲೇ ತುಂಬಿಸಿಕೊಳ್ಳಿ. ಮುಂದೆ ನೆಲ ಕಿರಿದಾಗುತ್ತ ಹೋಗುತ್ತದೆ: ಕಡಲು, ದಂಡೆ, ಒಂದು ಸಾಲು ತೆಂಗು, ಮನೆಗಳು, ಒಂದು ರಸ್ತೆ, ಆಚೆಗೆ ಹೊಳೆ. ಇದರಲ್ಲೊಂದು ಅನುಕೂಲವಿದೆ. ಯಾರಿಗಾದರೂ ಕಾಲು ಉಳುಕಿದರೆ, ತಲೆ ಸುತ್ತಿದರೆ ರಸ್ತೆ ಯಾವಾಗಲೂ ಬಲಗಡೆ ಹತ್ತಿರದಲ್ಲೇ ಇದೆ. ಬಸ್ಸೋ ರಿಕ್ಷಾವೋ ಹಿಡಿಯಬಹುದು. ಮೊದಲ ಸಲ ಹೋಗುವವರು, ಮಕ್ಕಳಿರುವವರು ಮಲ್ಪೆಯ ಬದಲು ಹೂಡೆಯಿಂದಲೇ ಶುರುಮಾಡಿ. ನಿಜ ಹೇಳಬೇಕೆಂದರೆ ಈ ನಡಿಗೆಯ ಚೆಲುವೆಲ್ಲ ಇರುವುದೂ ಈ ಕೊನೆಯ ಅರ್ಧದಲ್ಲೇ.

ಚೀಲ ಇಟ್ಟು ಕೂರುವ ಮುನ್ನ ದಂಡೆಯ ಮೇಲಿನ ಕಸದ ಗೆರೆ ಹುಡುಕಿ. ಒಣಹುಲ್ಲು, ಕಡ್ಡಿ, ಚಿಪ್ಪು, ಬಾಟಲಿ ಮುಚ್ಚಳ ಸಾಲಾಗಿ ಬಿದ್ದಲ್ಲಿಯವರೆಗೆ ಕಳೆದ ಭರತದ ನೀರು ಬಂದಿತ್ತು ಎಂದರ್ಥ. ಅದಕ್ಕೂ ಮೇಲೆ ಹಳೆಯ, ಪೂರ್ತಿ ಒಣಗಿದ ಇನ್ನೊಂದು ಗೆರೆ ಇರುತ್ತದೆ, ಅದು ಅಮಾವಾಸ್ಯೆ-ಹುಣ್ಣಿಮೆಯದ್ದು. ಚೀಲ ಎರಡನೆಯ ಗೆರೆಗಿಂತ ಮೇಲೆ ಇರಲಿ. ಅಡುಂಬು ಬಳ್ಳಿಯನ್ನು ಕಿತ್ತು ಜಾಗ ಮಾಡಬೇಡಿ. ಮರಳನ್ನು ಹಿಡಿದಿಟ್ಟಿರುವುದೇ ಅದು.

ಚಳಿಗಾಲದಲ್ಲಿ ಕರಾವಳಿಯ ಇಂಥ ದಂಡೆಗಳಿಗೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ನೀರಿನಿಂದ ಮೇಲಕ್ಕೆ ಹೋಗಿ ವಾಪಸ್ ಬಂದ ಅಗಲ ಜಾಡು ಕಂಡರೆ ಅದನ್ನು ಅಳಿಸಬೇಡಿ, ಕೊನೆಯಲ್ಲಿ ಕೆದಕಬೇಡಿ. ಅರಣ್ಯ ಇಲಾಖೆಗೆ ತಿಳಿಸಲು ಊರವರಿಗೆ ಹೇಳಿದರೆ ಸಾಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಇದಕ್ಕೆ ಹುಲಿಯಷ್ಟೇ ರಕ್ಷಣೆ.

ಅಳಿವೆಯ ಹತ್ತಿರ

ಕೋಡಿಬೆಂಗ್ರೆಯ ತುದಿಗೆ ಬಂದವರಿಗೆ ನೀರಿಗಿಳಿಯುವ ಆಸೆ ಆಗುವುದು ಸಹಜ. ಕಡಲ ಕಡೆ ಅಲೆ, ಹೊಳೆಯ ಕಡೆ ತಿಳಿಯಾಗಿ ನಿಂತ ನೀರು. ಎಲ್ಲರೂ ಆರಿಸುವುದು ಹೊಳೆಯ ಕಡೆ. ಅಪಾಯ ಇರುವುದೂ ಅಲ್ಲೇ.

ಎರಡು ನದಿಗಳ ನೀರು, ಜೊತೆಗೆ ಭರತದಲ್ಲಿ ಒಳಗೆ ನುಗ್ಗಿದ ಕಡಲ ನೀರು, ಎಲ್ಲವೂ ಇಳಿತದಲ್ಲಿ ಒಂದೇ ಕಿರಿದಾದ ಬಾಗಿಲಿನಿಂದ ಹೊರಗೆ ಹೋಗಬೇಕು. ಮೇಲೆ ಅಲೆಯಿಲ್ಲ, ಅಡಿಯಲ್ಲಿ ಸೆಳೆತ. ಮರಳಿನ ಅಂಚು ನೀರಿನಡಿ ಗೋಡೆಯ ಹಾಗೆ ಕಡಿದಾಗಿರುತ್ತದೆ, ಮೊಣಕಾಲಿನ ಆಳದಿಂದ ಮುಂದಿನ ಹೆಜ್ಜೆಗೆ ತಲೆ ಮುಳುಗುತ್ತದೆ. ನಿಂತ ಅಂಚೇ ಕುಸಿಯುವುದೂ ಇದೆ. ಪ್ರತಿ ಮಳೆಗಾಲದ ನಂತರ ಮರಳಿನ ದಿಬ್ಬ ಜಾಗ ಬದಲಿಸುವುದರಿಂದ ಹೋದ ವರ್ಷ ಸ್ನಾನ ಮಾಡಿದ ಜಾಗ ಈ ವರ್ಷ ಕೆಲಸಕ್ಕೆ ಬರುವುದಿಲ್ಲ. ಅಳಿವೆಯಲ್ಲಿ ಈಜು ಬೇಡ. ನೀರಿನ ಅಂಚಿನಿಂದ ಹತ್ತು ಹೆಜ್ಜೆ ಹಿಂದೆ ನಿಂತು ನೋಡಿ.

ಕಾಲು ನೆನೆಸಲೇಬೇಕೆಂದರೆ ಅಳಿವೆಯಿಂದ ಒಂದು ಕಿಲೋಮೀಟರಾದರೂ ತೆಂಕಕ್ಕೆ, ಕಡಲ ಕಡೆ, ಮೊಣಕಾಲಿನ ತನಕ. ಅಲ್ಲಿಯೂ ಮೊದಲು ಐದು ನಿಮಿಷ ಅಲೆ ನೋಡಿ. ಎರಡೂ ಬದಿ ಅಲೆ ಒಡೆದು ಬಿಳಿಯಾಗಿ ಬರುತ್ತಿದ್ದು ನಡುವಿನ ಒಂದು ಪಟ್ಟಿ ಮಾತ್ರ ಕಪ್ಪಗೆ, ಶಾಂತವಾಗಿ ಇದ್ದರೆ, ಅದರಲ್ಲಿ ನೊರೆ ಹೊರಕ್ಕೆ ಹೋಗುತ್ತಿದ್ದರೆ, ದಡಕ್ಕೆ ಬಂದ ನೀರು ವಾಪಸ್ ಹರಿಯುವ ಸೆಳೆತ ಅದೇ. ಒಂದು ವೇಳೆ ಸಿಕ್ಕಿಬಿದ್ದರೆ ದಡದ ಕಡೆ ಈಜಿ ಗೆಲ್ಲಲಾಗದು. ಮಲಗಿ ತೇಲಿ, ಉಸಿರು ಹಿಡಿತಕ್ಕೆ ಬರಲಿ, ಆಮೇಲೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಬಿಳಿ ಅಲೆ ಇರುವಲ್ಲಿ ಒಳಗೆ ಬನ್ನಿ. ದಡದಲ್ಲಿರುವವರು ಹಿಂದೆಯೇ ಹಾರಬಾರದು. ಖಾಲಿ ಕ್ಯಾನು, ಹಗ್ಗ, ತೆಂಗಿನಕಾಯಿ ಜೋಡಿ, ತೇಲುವ ಏನನ್ನಾದರೂ ಎಸೆದು ಕೂಗಿ. ಹತ್ತಿರದ ಮೀನುಗಾರರಿಗಿಂತ ಬೇಗ ಬರುವ ಸಹಾಯ ಇಲ್ಲ. 112 ಮತ್ತು ಕರಾವಳಿ ರಕ್ಷಣಾ ಪಡೆಯ 1554 ಎರಡೂ ಮೊಬೈಲಿನಲ್ಲಿರಲಿ.

ಚುಚ್ಚಿದರೆ, ಉರಿದರೆ

ಜೆಲ್ಲಿಫಿಶ್ ತಾಗಿದರೆ ಮರಳು ಹಾಕಿ ಉಜ್ಜುವುದು ಊರಿನ ಹಳೆಯ ಅಭ್ಯಾಸ, ಬಿಟ್ಟುಬಿಡಿ. ಚರ್ಮಕ್ಕೆ ಅಂಟಿದ ಎಳೆಗಳಲ್ಲಿ ಸಿಡಿಯದೆ ಉಳಿದ ವಿಷದ ಕೋಶಗಳು ಉಜ್ಜಿದಾಗ ಸಿಡಿಯುತ್ತವೆ. ಬಾಟಲಿಯ ಸಿಹಿನೀರು ಹೊಯ್ದರೂ ಹಾಗೆಯೇ. ಕಡಲ ನೀರಿನಿಂದಲೇ ತೊಳೆದು, ಎಳೆಗಳನ್ನು ಚಿಮಟದಿಂದ ತೆಗೆದು, ಆಮೇಲೆ ಸಹಿಸುವಷ್ಟು ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಅದ್ದಿಡಿ.

ಮೀನಿನ ಮುಳ್ಳು ಚುಚ್ಚಿದರೂ ಬಿಸಿನೀರೇ ಮದ್ದು. ತೇಡೆ, ತೊರಕೆ ಮೀನುಗಳ ಮುಳ್ಳಿನ ವಿಷ ಬಿಸಿಗೆ ಶಕ್ತಿ ಕಳೆದುಕೊಳ್ಳುತ್ತದೆ. ಚರ್ಮ ಸುಡದಷ್ಟು ಬಿಸಿಯಲ್ಲಿ ನೋವು ಇಳಿಯುವ ತನಕ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಇಡಿ. ದಂಡೆಯಲ್ಲಿ ಬಿಸಿನೀರು ಎಲ್ಲಿಂದ ಎಂದರೆ, ಹತ್ತಿರದ ಮನೆಯಲ್ಲಿ ಕೇಳಿ. ಮೀನುಗಾರರ ಮನೆಯಲ್ಲಿ ಕಾಲು ನೋಡಿದ ಕೂಡಲೇ ಒಲೆಗೆ ನೀರಿಡುತ್ತಾರೆ, ಏನಾಯಿತು ಎಂದು ಆಮೇಲೆ ಕೇಳುತ್ತಾರೆ. ಮುಳ್ಳು ಒಳಗೆ ಮುರಿದಿದ್ದರೆ ಕೆದಕದೆ ಆಸ್ಪತ್ರೆಗೆ ಹೋಗಿ, ಟೆಟನಸ್ ಚುಚ್ಚುಮದ್ದು ಹಾಕಿಸಿಕೊಳ್ಳಿ.

ಬಿಸಿಲಿನ ಏಟು ಗೊತ್ತಾಗುವುದು ತಡವಾಗಿ. ತಲೆನೋವು, ವಾಕರಿಕೆ ಬಂದರೆ ನೆರಳು, ನೀರು, ವಿಶ್ರಾಂತಿ. ಮಾತು ತೊದಲಿದರೆ, ಮಂಕಾದರೆ 108ಕ್ಕೆ ಕರೆಮಾಡಿ, ಬೈರಾಸು ಒದ್ದೆಮಾಡಿ ಮೈಗೆ ಹೊದಿಸಿ ಗಾಳಿ ಹಾಕುತ್ತಿರಿ.

ವಾಪಸ್

ಬಂದ ದಾರಿಯಲ್ಲೇ ನಡೆದು ಹಿಂದಿರುಗುವ ಯೋಚನೆ ಬೇಡ. ಹತ್ತರ ನಂತರ ಭರತ ಏರುತ್ತಿರುತ್ತದೆ, ಬಿಸಿಲೂ ಏರುತ್ತಿರುತ್ತದೆ. ಕೋಡಿಬೆಂಗ್ರೆಯಿಂದ ಹೂಡೆ, ಕೆಮ್ಮಣ್ಣು ಮಾರ್ಗವಾಗಿ ಉಡುಪಿಗೆ ಬಸ್ ಇದೆ, ಆದರೆ ಮಲ್ಪೆಯಷ್ಟು ಪದೇಪದೇ ಅಲ್ಲ. ಬಸ್ ತಪ್ಪಿದರೆ ಮುಂದಿನದಕ್ಕೆ ಕಾಯಬೇಕಾದೀತು, ಹೊತ್ತನ್ನು ಕಂಡಕ್ಟರ್ ಹತ್ತಿರವೋ ಅಂಗಡಿಯಲ್ಲೋ ಮೊದಲೇ ಕೇಳಿಟ್ಟುಕೊಳ್ಳಿ. ಸಮಯ ಇದ್ದರೆ ಕೆಮ್ಮಣ್ಣಿನಲ್ಲಿ ಇಳಿದು ತಿಮ್ಮಣ್ಣಕುದ್ರುವಿನ ತೂಗುಸೇತುವೆ ನೋಡಿಕೊಂಡು ಬರಬಹುದು.

ಅಳಿವೆಯ ಆಚೆ ಕಣ್ಣೆದುರೇ ಕಾಣುವುದು ಹಂಗಾರಕಟ್ಟೆ. ರಸ್ತೆಯಲ್ಲಿ ಹೋಗುವುದಾದರೆ ಕಲ್ಯಾಣಪುರ, ಬ್ರಹ್ಮಾವರ, ಮಾಬುಕಳ ಸೇತುವೆ ಸುತ್ತಿಯೇ ಹೋಗಬೇಕು. ಅಳಿವೆ ದಾಟಿಸುವ ಬಾರ್ಜ್ (ಚಪ್ಪಟೆ ತಳದ ದೋಣಿ) ಓಡುತ್ತಿದ್ದರೆ ದಾಟಲು ಕೆಲವೇ ನಿಮಿಷ, ಕುಂದಾಪುರದ ಕಡೆಯವರಿಗೆ ಅದೇ ಸುಖ. ಆದರೆ ಅದು ಅಂದು ಓಡುತ್ತದೆಯೇ, ಎಷ್ಟು ಗಂಟೆಯವರೆಗೆ ಎಂದು ಹೂಡೆಯಲ್ಲಿ ತಿಂಡಿಗೆ ಕೂತಾಗಲೇ ಊರವರಲ್ಲಿ ವಿಚಾರಿಸಿ. ಕಾರನ್ನು ಹಂಗಾರಕಟ್ಟೆಯಲ್ಲಿ ಬಿಟ್ಟು ಬಂದು, ಬಾರ್ಜ್ ಇಲ್ಲದ ದಿನ ಈ ಬದಿಯಲ್ಲಿ ನಿಂತು ಅದನ್ನೇ ನೋಡುತ್ತಿರುವುದು ಬೇಡ.